ಠಾಣೆಯ ಮೆಟ್ಟಿಲು ಹತ್ತುವ ಮಕ್ಕಳು: ಪೊಲೀಸರು ಮತ್ತು ಎಳೆಯರ ನಡುವಿನ ವಿಶ್ವಾಸ



ಈ ಉಪನ್ಯಾಸ ಏಪ್ರಿಲ್ ಮೊದಲ ವಾರದಲ್ಲಿ ನಡೆಯುತ್ತಿರುವುದು ಉಚಿತವಾಗಿದೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜಾರಿಗೆ ಬಂದದ್ದು 1965ರ ಏಪ್ರಿಲ್ 2ರಂದು. ಆ ದಿನವನ್ನೇ ನಮ್ಮ ರಾಜ್ಯದಲ್ಲಿ ಪೊಲೀಸ್ ಧ್ವಜ ದಿನವಾಗಿ ಆಚರಿಸುತ್ತಾ ಬಂದಿದ್ದೇವೆ. ಕವಾಯತು, ಪದಕ, ಧ್ವಜ ಮಾರಾಟ ಎಲ್ಲವೂ ಮುಗಿದ ಮೇಲೆ ಒಂದು ಗಂಟೆ ಕುಳಿತು ಯೋಚಿಸಬೇಕಾದ ಮಾತೊಂದನ್ನು ಸಂಘಟಕರು ನನಗೆ ಕೊಟ್ಟಿದ್ದಾರೆ. ಅವರಿಗೆ ಕೃತಜ್ಞಳಾಗಿದ್ದೇನೆ.

ನಾನು ಪೊಲೀಸ್ ಇಲಾಖೆಯವಳಲ್ಲ, ವಕೀಲೆಯೂ ಅಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರೌಢಶಾಲೆಯಲ್ಲಿ ಪಾಠ ಹೇಳಿ, ನಿವೃತ್ತಳಾದ ಮೇಲೆ ಮೂರು ವರ್ಷದ ಒಂದು ಅವಧಿಗೆ ಜಿಲ್ಲೆಯೊಂದರ ಬಾಲ ನ್ಯಾಯ ಮಂಡಳಿಯಲ್ಲಿ ಸಮಾಜ ಕಾರ್ಯಕರ್ತೆ ಸದಸ್ಯೆಯಾಗಿ ಕುಳಿತವಳು. ಮಂಡಳಿಯಲ್ಲಿ ಒಬ್ಬರು ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರಾದರೂ ಹೆಣ್ಣುಮಗಳಿರಬೇಕೆಂದು ಕಾಯ್ದೆ ಹೇಳುತ್ತದೆ. ಆ ಕುರ್ಚಿಯಲ್ಲಿ ಕುಳಿತು ಪೊಲೀಸರನ್ನೂ ಮಕ್ಕಳನ್ನೂ ಒಟ್ಟಿಗೆ ನೋಡುವ ಅವಕಾಶ ನನಗೆ ಸಿಕ್ಕಿತು. ಇಂದು ಹೇಳುವುದೆಲ್ಲ ಅಲ್ಲಿಂದ ಹುಟ್ಟಿದ್ದು.

ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಪೊಲೀಸರ ಬಗ್ಗೆ ನಮ್ಮ ಮಕ್ಕಳಲ್ಲಿರುವ ಅಂಜಿಕೆ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ. ಆಮೇಲೆ ಹದಿಹರೆಯದವರು ಪೊಲೀಸರಿಗೆ ಮೊದಲ ಬಾರಿ ಎದುರಾಗುವ ಜಾಗಗಳಿಗೆ, ಎಂದರೆ ರಸ್ತೆಗೆ ಮತ್ತು ಠಾಣೆಗೆ ಹೋಗೋಣ. ಬಳಿಕ ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ವಿಚಾರ. ಕೊನೆಗೆ ಕಾನ್‌ಸ್ಟೆಬಲ್‌ಗಳ ಬದುಕು. ಪೊಲೀಸ್ ಸುಧಾರಣೆಯ ದೊಡ್ಡ ಪ್ರಶ್ನೆಗಳು, ಅಂದರೆ 2006ರ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳು, ವರ್ಗಾವಣೆ, ರಾಜಕೀಯ ಒತ್ತಡ ಇವೆಲ್ಲ ಬೇರೆಯೇ ಉಪನ್ಯಾಸ ಬೇಡುವ ವಿಷಯಗಳು. ಅವನ್ನು ಇಂದು ಮುಟ್ಟುವುದಿಲ್ಲ.

ಅಂಜಿಕೆ ಹುಟ್ಟುವುದು ಅಡುಗೆಮನೆಯಲ್ಲಿ. "ಊಟ ಮಾಡ್ದೇ ಹೋದ್ರೆ ಪೊಲೀಸಪ್ಪ ಹಿಡ್ಕೊಂಡು ಹೋಗ್ತಾನೆ ನೋಡು" ಎಂಬ ಮಾತನ್ನು ಕೇಳದೆ ಬೆಳೆದವರು ಈ ಸಭಾಂಗಣದಲ್ಲಿ ಎಷ್ಟು ಜನ ಇದ್ದೀರಿ? ಮೂರು ವರ್ಷದ ಕೂಸಿಗೆ ಗುಮ್ಮ, ಬುಡಬುಡಿಕೆಯವನು, ಪೊಲೀಸು ಮೂವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ದೊಡ್ಡವನಾದ ಮೇಲೆ ಗುಮ್ಮ ಇಲ್ಲವೆಂದು ಗೊತ್ತಾಗುತ್ತದೆ, ಪೊಲೀಸರು ಮಾತ್ರ ಉಳಿದುಕೊಳ್ಳುತ್ತಾರೆ. ಶಾಲೆಯಲ್ಲಿ ನಾವೂ ಹಾಗೆಯೇ ಮಾಡಿದೆವು. ಲೆಕ್ಕದ ಪುಸ್ತಕ ಕದ್ದ ಹುಡುಗನಿಗೆ "ಸ್ಟೇಷನ್ನಿಗೆ ಕಳಿಸ್ತೀನಿ" ಎಂದು ನಾನೇ ಒಂದು ಸಲ ಗದರಿದ್ದೆ. ಅವನ ತುಟಿ ನಡುಗಿದ್ದು ಇಂದಿಗೂ ನೆನಪಿದೆ. ಆ ಮಾತನ್ನು ಹಿಂತೆಗೆದುಕೊಳ್ಳಲಾಗಲಿಲ್ಲ ಎಂಬ ನೋವು ನನಗಿದೆ.

ಈ ಭಯಕ್ಕೆ ಚರಿತ್ರೆಯ ಬೇರೂ ಇದೆ. 1857ರ ಬಂಡಾಯದ ಬೆನ್ನಿಗೇ ಬಂದದ್ದು 1861ರ ಪೊಲೀಸ್ ಕಾಯ್ದೆ. ಆಳುವವರ ಭದ್ರತೆಗಾಗಿ ಕಟ್ಟಿದ ಪಡೆ ಅದು. ಜನರ ವಿಶ್ವಾಸ ಅದರ ಲೆಕ್ಕದಲ್ಲಿರಲಿಲ್ಲ. ಕಾಯ್ದೆಗಳು ಬದಲಾದವು, ರಾಜ್ಯ ಬದಲಾಯಿತು. ಆದರೂ "ಕೋರ್ಟು ಕಚೇರಿ, ಪೊಲೀಸ್ ಠಾಣೆ ಮೆಟ್ಟಿಲು ಹತ್ತಬಾರದು" ಎಂಬ ಅಜ್ಜನ ಬುದ್ಧಿಮಾತು ಮೊಮ್ಮಗನವರೆಗೂ ಇಳಿದುಬಂತು. ಅದು ಮರ್ಯಾದಸ್ಥ ಮನೆತನದ ಲಕ್ಷಣವೂ ಆಯಿತು. ಹೀಗಾಗಿ ನಮ್ಮಲ್ಲಿ ಅನ್ಯಾಯಕ್ಕೆ ಒಳಗಾದ ಹುಡುಗಿಗೆ ಎರಡು ಭಯ: ಒಂದು ಅನ್ಯಾಯ ಮಾಡಿದವನದು, ಇನ್ನೊಂದು ದೂರು ಕೊಡಲು ಹೋಗಬೇಕಾದ ಜಾಗದ್ದು.

ಇಲಾಖೆ ಇದನ್ನು ಅರಿಯದೆ ಇಲ್ಲ. ಶಾಲಾ ಮಕ್ಕಳನ್ನು ಠಾಣೆಗೆ ಕರೆಸುವ 'ತೆರೆದ ಮನೆ' ಕಾರ್ಯಕ್ರಮ ನಮ್ಮ ರಾಜ್ಯದಲ್ಲಿದೆ. ಕೇರಳದಲ್ಲಿ 2010ರಲ್ಲಿ ಆರಂಭವಾದ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆ 2018ರಲ್ಲಿ ದೇಶದ ಮಟ್ಟಕ್ಕೆ ಬಂದು, ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳನ್ನು ತಲುಪಿದೆ. ಇವೆರಡರ ಬಗ್ಗೆಯೂ ನನಗೆ ಗೌರವವಿದೆ. ನನ್ನ ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಠಾಣೆಗೆ ಕರೆದುಕೊಂಡು ಹೋದವಳು ನಾನೂ. ಅಲ್ಲಿ ಬಂದೂಕು ತೋರಿಸಿದರು, ವೈರ್‌ಲೆಸ್ ಸೆಟ್ ತೋರಿಸಿದರು, ಲಾಕಪ್ ತೋರಿಸಿದರು, ಚಾಕಲೇಟು ಕೊಟ್ಟರು, ಫೋಟೊ ತೆಗೆದರು. ಮಕ್ಕಳು ಖುಷಿಯಾಗಿ ಬಂದರು. ದಾರಿಯಲ್ಲಿ ಒಬ್ಬಳು ಕೇಳಿದಳು: "ಮಿಸ್, ನಮ್ಮ ಸೈಕಲ್ ಕಳೆದುಹೋದ್ರೆ ಅಲ್ಲಿ ಯಾರ ಹತ್ರ ಹೋಗಿ ಹೇಳ್ಬೇಕು?" ಬಂದೂಕಿನ ಹೆಸರು ಅವಳಿಗೆ ಗೊತ್ತಾಗಿತ್ತು, ದೂರು ಬರೆಸಿಕೊಳ್ಳುವ ಮೇಜು ಯಾವುದೆಂದು ಗೊತ್ತಾಗಿರಲಿಲ್ಲ. ಅಧಿಕಾರಿಗಳಲ್ಲಿ ನನ್ನದೊಂದು ಬಿನ್ನಹ. ಮುಂದಿನ ಸಲ ಮಕ್ಕಳು ಬಂದಾಗ ಅವರಿಂದಲೇ ಒಂದು ಮಾದರಿ ದೂರು ಬರೆಸಿ, ಸ್ವೀಕೃತಿ ರಸೀದಿ ಹರಿದು ಕೈಗೆ ಕೊಡಿ. ಆ ಚೀಟಿಯನ್ನು ಅವರು ಮನೆಗೆ ಒಯ್ದು ಅಮ್ಮನಿಗೆ ತೋರಿಸಲಿ.

ಇನ್ನೊಂದು ಮಾತೂ ಇದೆ. ಇಂಥ ಕಾರ್ಯಕ್ರಮಗಳಿಗೆ ಬರುವವರು ಸಮವಸ್ತ್ರ ಹಾಕಿ ಶಾಲೆಗೆ ಬರುವ ಮಕ್ಕಳು. ಗ್ಯಾರೇಜಿನಲ್ಲಿ ಕೆಲಸಕ್ಕಿರುವ, ಒಂಬತ್ತನೇ ತರಗತಿಗೇ ಶಾಲೆ ಬಿಟ್ಟ, ಬಸ್ ಸ್ಟ್ಯಾಂಡಿನ ಹಿಂದೆ ಸಂಜೆ ಕಳೆಯುವ ಹುಡುಗನನ್ನು ಯಾವ ಮೇಷ್ಟ್ರೂ ಸಾಲಿನಲ್ಲಿ ಕರೆತರುವುದಿಲ್ಲ. ಅವನಿಗೆ ಪೊಲೀಸರು ಎದುರಾಗುವುದು ರಸ್ತೆಯಲ್ಲಿ.

ಈಗ ನನ್ನ ಎರಡನೆಯ ವಿಚಾರಕ್ಕೆ, ಆ ರಸ್ತೆಗೆ ಬರುತ್ತೇನೆ.

ಇಲ್ಲಿರುವ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನರ ಬಾಳಿನ ಮೊದಲ ಪೊಲೀಸ್ ಭೇಟಿ ಹೆಲ್ಮೆಟ್ ತಪಾಸಣೆ. ತಿರುವಿನಲ್ಲಿ ಮರದ ಮರೆಯಿಂದ ಒಬ್ಬರು ದಿಢೀರನೆ ಅಡ್ಡ ಬರುತ್ತಾರೆ, ಗಾಡಿ ನಿಲ್ಲುವ ಮೊದಲೇ ಕೀಲಿಗೆ ಕೈ ಹಾಕುತ್ತಾರೆ. ಹುಡುಗನದು ತಪ್ಪೇ, ಹೆಲ್ಮೆಟ್ ಇರಲಿಲ್ಲ. ದಂಡ ಕಟ್ಟಬೇಕಾದದ್ದೂ ನ್ಯಾಯವೇ. ಆದರೆ ಮನೆಗೆ ಹೋಗಿ ಅವನು ಹೇಳುವುದು ದಂಡದ ಮೊತ್ತವನ್ನಲ್ಲ. "ಕೀ ಕಿತ್ಕೊಂಡ್ರು" ಎಂಬುದನ್ನು. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ನಡೆದದ್ದು ನಿಮಗೆಲ್ಲ ನೆನಪಿರಬಹುದು. ನಾಯಿ ಕಚ್ಚಿದ ಮಗಳನ್ನು ಬೈಕಿನಲ್ಲಿ ಆಸ್ಪತ್ರೆಗೆ ಒಯ್ಯುತ್ತಿದ್ದ ತಂದೆ ತಾಯಿಯನ್ನು ತಪಾಸಣೆಗೆ ತಡೆದಾಗ ಆ ಕೂಸು ರಸ್ತೆಗೆ ಬಿದ್ದು ತೀರಿಕೊಂಡಿತು. ಮೂವರು ಎಎಸ್‌ಐಗಳು ಅಮಾನತಾದರು. ಆ ಬಳಿಕ ವಾಹನ ತಡೆಯುವ ರೀತಿಯ ಬಗ್ಗೆ ಇಲಾಖೆಯಿಂದ ಸೂಚನೆಗಳೂ ಹೊರಟವು. ಆ ಮಗುವಿನ ವಯಸ್ಸು ಮೂರು ವರ್ಷದ ಆಸುಪಾಸು. ಈ ವಿಷಯವನ್ನು ಇದಕ್ಕಿಂತ ಹೆಚ್ಚು ಬೆಳೆಸುವ ಧೈರ್ಯ ನನಗಿಲ್ಲ.

ಅಮೆರಿಕದ ಟಾಮ್ ಟೈಲರ್ ಎಂಬ ವಿದ್ವಾಂಸರು ಷಿಕಾಗೊ ನಗರದ ನಿವಾಸಿಗಳನ್ನು ಮಾತಾಡಿಸಿ, ಜನ ಕಾನೂನನ್ನು ಯಾಕೆ ಪಾಲಿಸುತ್ತಾರೆ ಎಂಬ ಪ್ರಶ್ನೆ ಹಿಡಿದು 1990ರಲ್ಲಿ ಪುಸ್ತಕ ಬರೆದರು. ಶಿಕ್ಷೆಯ ಭಯಕ್ಕಿಂತ ಹೆಚ್ಚಾಗಿ, ಅಧಿಕಾರಿ ತನ್ನೊಡನೆ ನ್ಯಾಯವಾಗಿ ನಡೆದುಕೊಂಡನೇ, ತನ್ನ ಮಾತು ಕೇಳಿಸಿಕೊಂಡನೇ ಎಂಬುದೇ ಜನರಿಗೆ ಮುಖ್ಯವಾಗುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ತನಗೆ ಪ್ರತಿಕೂಲವಾದ ತೀರ್ಮಾನವನ್ನೂ ಮನುಷ್ಯ ಒಪ್ಪಿಕೊಳ್ಳುತ್ತಾನೆ, ಅವಮಾನವನ್ನು ಒಪ್ಪಿಕೊಳ್ಳುವುದಿಲ್ಲ. ನಮ್ಮ ಹಳ್ಳಿಯ ಪಂಚಾಯ್ತಿ ಕಟ್ಟೆಯ ಹಿರಿಯರಿಗೂ ಇದು ತಿಳಿದಿತ್ತು.

ಕನ್ನಡದಲ್ಲಿ ಅವಮಾನಕ್ಕೂ ಮರ್ಯಾದೆಗೂ ನಡುವೆ ಇರುವುದು ಎಷ್ಟೋ ಸಲ ಕ್ರಿಯಾಪದದ ಕೊನೆಯ ಒಂದು ಅಕ್ಷರ. 'ಬನ್ನಿ', 'ಬಾಪ್ಪ', 'ಬಾ ಮಗ', 'ಬಾರೋ', 'ಬಾರಲೇ' ಎಂಬ ಐದೂ ಕರೆಯುವ ಮಾತುಗಳೇ. ಏಕವಚನವೇ ತಪ್ಪೆಂದು ನಾನು ಹೇಳುವುದಿಲ್ಲ. ಹದಿನಾರರ ಹುಡುಗನಿಗೆ ಐವತ್ತರ ದಫೇದಾರರು "ಕೂತ್ಕೋ ಮಗ" ಎಂದರೆ ಅದರಲ್ಲಿ ಪ್ರೀತಿಯೇ ಇರುತ್ತದೆ. ಆದರೆ ಅದೇ ಠಾಣೆಗೆ ಕಾರಿನಲ್ಲಿ ಬಂದಿಳಿದ ಹುಡುಗನಿಗೆ 'ಬನ್ನಿ', ಚಪ್ಪಲಿ ಸವೆದ ಹುಡುಗನಿಗೆ 'ಬಾರಲೇ' ಆದಾಗ, ಸವೆದ ಚಪ್ಪಲಿಯ ಹುಡುಗ ಎರಡನ್ನೂ ಕೇಳಿಸಿಕೊಂಡಿರುತ್ತಾನೆ. ಅವನ ಕಣ್ಣಿಗೆ ಕಾನೂನು ಆ ಕ್ಷಣವೇ ಎರಡಾಯಿತು.

ರಸ್ತೆಯಿಂದ ಠಾಣೆಯ ಒಳಗೆ ಹೋಗೋಣ. ಇಂದಿನ ಎಳೆಯರು ಠಾಣೆಗೆ ತರುವ ದೂರುಗಳಲ್ಲಿ ಅತ್ಯಂತ ಸೂಕ್ಷ್ಮವಾದದ್ದು ಫೋನಿಗೆ ಸಂಬಂಧಿಸಿದ್ದು. ಹಣ ಕಳೆದುಕೊಂಡವರಿಗೆ 1930 ಸಂಖ್ಯೆ ಇದೆ, ಹೊತ್ತು ಮೀರದಂತೆ ಕರೆ ಮಾಡಿದರೆ ಹಣ ತಡೆಹಿಡಿಯುವ ಸಾಧ್ಯತೆಯೂ ಇದೆ. ಆದರೆ ತನ್ನ ಫೋಟೊ ಇಟ್ಟುಕೊಂಡು ಯಾರೋ ಬೆದರಿಸುತ್ತಿದ್ದಾರೆ ಎಂದು ಬರುವ ಪಿಯುಸಿ ಹುಡುಗಿಯನ್ನು ನೆನೆಯಿರಿ. ಅವಳು ಬಾಗಿಲವರೆಗೆ ಬಂದು ಎರಡು ಸಲ ಹಿಂದೆ ಹೋಗಿರುತ್ತಾಳೆ. ಮೂರನೆಯ ಸಲ ಒಳಗೆ ಬಂದಾಗ ರೈಟರ್ ಮೇಜಿನಿಂದ ಬರುವ ಮೊದಲ ಪ್ರಶ್ನೆ "ನೀನ್ಯಾಕಮ್ಮ ಫೋಟೋ ಕಳಿಸ್ದೆ?" ಎಂದಾದರೆ ಅವಳ ಬಾಯಿ ಅಲ್ಲಿಗೇ ಮುಚ್ಚಿತು. ಅವಳಷ್ಟೇ ಅಲ್ಲ, ಅವಳ ಹಾಸ್ಟೆಲಿನ ಇಪ್ಪತ್ತು ಗೆಳತಿಯರ ಪಾಲಿಗೂ ಆ ಠಾಣೆಯ ಬಾಗಿಲು ಹಾಕಿದಂತಾಯಿತು. ಎಳೆಯರ ಲೋಕದಲ್ಲಿ ಸುದ್ದಿ ಬೀಟ್ ಪೊಲೀಸರಿಗಿಂತ ಬೇಗ ತಿರುಗುತ್ತದೆ.

ಅವಳು ಹದಿನೆಂಟರ ಒಳಗಿನವಳಾದರೆ ಕಾನೂನು ಸ್ಪಷ್ಟವಾಗಿದೆ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಹೇಳಿಕೆಯನ್ನು ಅವಳ ಮನೆಯಲ್ಲಿ ಅಥವಾ ಅವಳು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಬರೆದುಕೊಳ್ಳಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಗಂಭೀರ ಅಪರಾಧದ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದೆಂಬುದು ಕಾಯ್ದೆಯ ಮಾತೇ ಆಗಿದೆ. "ಇದು ನಮ್ಮ ಸರಹದ್ದಿಗೆ ಬರಲ್ಲ" ಎಂದು ಕಳಿಸಿಬಿಡಲು ಈಗ ಅವಕಾಶವಿಲ್ಲ.

ಆದರೆ ಕಾಯ್ದೆಯಲ್ಲಿಲ್ಲದ ಒಂದು ಗಳಿಗೆ ಇದೆ, ಅದನ್ನೇ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು. ಹುಡುಗಿ ಹೇಳುತ್ತಾಳೆ: "ಮೇಡಂ, ಮನೇಲಿ ಹೇಳ್ಬೇಡಿ." ಆಗ ಅಧಿಕಾರಿ ಏನು ಹೇಳಬೇಕು? ಕರುಣೆಯಿಂದ "ಇಲ್ಲಮ್ಮ, ಯಾರಿಗೂ ಹೇಳಲ್ಲ" ಎಂದುಬಿಡುವುದು ಸುಲಭ. ಆದರೆ ಹದಿನೆಂಟರ ಒಳಗಿನ ಮಗುವಿನ ಪ್ರಕರಣವನ್ನು ದಾಖಲಿಸದೆ ಇರುವಂತಿಲ್ಲ, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಲೇಬೇಕು. ಮನೆಯವರಿಂದ ಮುಚ್ಚಿಡಲೂ ಆಗುವುದಿಲ್ಲ. ನಾಳೆ ಅಪ್ಪನಿಗೆ ಗೊತ್ತಾದಾಗ ಅವಳಿಗೆ ಅನಿಸುವುದು ಒಂದೇ: ಇವರೂ ಮೋಸ ಮಾಡಿದರು. ಅದರ ಬದಲು ಕುಳಿತು, ನೀರು ಕೊಟ್ಟು, "ನೋಡಮ್ಮ, ಮನೆಯವರಿಗೆ ತಿಳಿಸಬೇಕಾಗುತ್ತೆ. ಹೇಗೆ ಹೇಳೋದು, ಮೊದಲು ಯಾರಿಗೆ ಹೇಳೋದು ಅಂತ ನೀನೇ ಹೇಳು. ಹೇಳುವಾಗ ನಾನೂ ಜೊತೆಗಿರ್ತೀನಿ" ಎಂದ ಒಬ್ಬ ಮಹಿಳಾ ಪಿಎಸ್‌ಐ ಅವರನ್ನು ನಾನು ಬಲ್ಲೆ. ಹುಡುಗಿ ಸ್ವಲ್ಪ ಹೊತ್ತು ಅತ್ತಳು. ಆಮೇಲೆ "ಚಿಕ್ಕಮ್ಮನಿಗೆ ಮೊದಲು ಹೇಳಿ" ಎಂದಳು. ಮುಂದೆ ಏನಾಗಲಿದೆ ಎಂಬುದನ್ನು ಮೊದಲೇ, ಇದ್ದದ್ದು ಇದ್ದಹಾಗೆ ಹೇಳಿದ ಅಧಿಕಾರಿಯನ್ನು ಎಳೆಯರು ಮರೆಯುವುದಿಲ್ಲ.

ಮೂರನೆಯದು ತಪ್ಪು ಮಾಡಿದ ಮಗುವಿನ ವಿಚಾರ. ಬಹಳ ಜನಕ್ಕೆ ಇಲ್ಲೊಂದು ಅನುಮಾನ ಬರುತ್ತದೆ: ಒಳ್ಳೆಯ ಮಕ್ಕಳ ವಿಶ್ವಾಸ ಗಳಿಸೋಣ, ಕಳ್ಳತನ ಮಾಡಿದವನ ವಿಶ್ವಾಸ ಯಾಕೆ ಬೇಕು? ಉತ್ತರಕ್ಕೆ ನಾನು ಮಂಡಳಿಯ ಕೋಣೆಗೆ ನಿಮ್ಮನ್ನು ಕರೆದೊಯ್ಯಬೇಕು.

ಅದು ಕೋರ್ಟ್ ಹಾಲಿನಂತೆ ಇರಬಾರದೆಂದು ನಿಯಮವಿದೆ. ಎತ್ತರದ ಪೀಠವಿಲ್ಲ, ಕಟಕಟೆಯಿಲ್ಲ. ಒಂದು ಮೇಜಿನ ಸುತ್ತ ಎಲ್ಲರೂ ಒಂದೇ ಮಟ್ಟದಲ್ಲಿ ಕೂರುತ್ತೇವೆ. 2015ರ ಬಾಲ ನ್ಯಾಯ ಕಾಯ್ದೆಯಂತೆ ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಮಗುವಿನ ಜೊತೆ ವ್ಯವಹರಿಸುವಾಗ ಅವರು ಸಾದಾ ಉಡುಪಿನಲ್ಲಿರಬೇಕು. ಮಗುವನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಕೋಳ ತೊಡಿಸುವಂತಿಲ್ಲ. ಸಣ್ಣ ಅಪರಾಧವಾದರೆ ಎಫ್‌ಐಆರ್ ಕೂಡ ಇಲ್ಲ. ಡೈರಿಯಲ್ಲಿ ನಮೂದಿಸಿ, ಮಗುವಿನ ಸಾಮಾಜಿಕ ಹಿನ್ನೆಲೆ ವರದಿಯನ್ನು ಮಂಡಳಿಗೆ ಕಳಿಸಿ, ತಂದೆ ತಾಯಿಗೆ ತಿಳಿಸಬೇಕು.

ನಾನು ಸದಸ್ಯೆಯಾದ ಮೊದಲ ತಿಂಗಳು ಒಬ್ಬ ಅಧಿಕಾರಿ ಹುಡುಗನೊಬ್ಬನನ್ನು ಕರೆತಂದರು. ಚೌಕಳಿ ಅಂಗಿ, ಕರಿ ಪ್ಯಾಂಟು, ನಿಯಮದಂತೆ ಸಾದಾ ಉಡುಪು. ಹುಡುಗ ತಲೆ ತಗ್ಗಿಸಿದವನು ಎತ್ತಲೇ ಇಲ್ಲ. ಏನು ಕೇಳಿದರೂ ಮಾತಿಲ್ಲ. ಅವನ ದೃಷ್ಟಿ ಎಲ್ಲಿದೆಯೆಂದು ನಾನೂ ಬಗ್ಗಿ ನೋಡಿದೆ. ಮೇಜಿನ ಕೆಳಗೆ ಅಧಿಕಾರಿಯ ಕಾಲಲ್ಲಿ ಪಾಲಿಶ್ ಹಾಕಿದ ಇಲಾಖೆಯ ಕಂದು ಬೂಟು. ಅಂಗಿ ಬದಲಾಗಿತ್ತು, ಬೂಟು ಬದಲಾಗಿರಲಿಲ್ಲ. ತಲೆ ತಗ್ಗಿಸಿದ ಮಗುವಿಗೆ ಕಾಣುವುದು ಅಂಗಿಯಲ್ಲ, ಬೂಟು. ಅಧಿಕಾರಿಯದು ಕೆಟ್ಟ ಉದ್ದೇಶವೇನೂ ಇರಲಿಲ್ಲ, ಅವರಿಗೆ ಅದು ಹೊಳೆದಿರಲೇ ಇಲ್ಲ. ಅವರನ್ನು ಹೊರಗೆ ಕೂರಲು ಹೇಳಿದ ಮೇಲೆ ಹುಡುಗ ಮೊದಲ ಮಾತು ಆಡಿದ.

ಆರು ತಿಂಗಳ ನಂತರ ಬೇರೊಂದು ಠಾಣೆಯಿಂದ ಬೈಕ್ ಕಳವಿನ ಪ್ರಕರಣದ ಹದಿನಾರರ ಹುಡುಗ ತಾಯಿಯೊಂದಿಗೆ ಬಂದ. ಜೊತೆಗೆ ಬಂದವರು ಹಿರಿಯ ಎಎಸ್‌ಐ. ಬಹುಕಾಲ ದಫೇದಾರರಾಗಿದ್ದವರು, ಎಲ್ಲರೂ ಇನ್ನೂ ದಫೇದಾರರೆಂದೇ ಕರೆಯುತ್ತಿದ್ದರು. ಕಾಲಲ್ಲಿ ಹವಾಯಿ ಚಪ್ಪಲಿ. ಅವರು ತಂದ ಸಾಮಾಜಿಕ ಹಿನ್ನೆಲೆ ವರದಿಯಂಥದ್ದನ್ನು ನಾನು ಆಮೇಲೆ ನೋಡಲಿಲ್ಲ. ಸಾಮಾನ್ಯವಾಗಿ ಅದರ ಖಾನೆಗಳಲ್ಲಿ 'ಇಲ್ಲ', 'ಅನ್ವಯಿಸುವುದಿಲ್ಲ', 'ಕೆಟ್ಟ ಸಹವಾಸ' ಎಂದು ಬರೆದು ಮುಗಿಸುತ್ತಾರೆ. ಇವರು ಹುಡುಗನ ಮನೆಗೆ ಹೋಗಿದ್ದರು. ತಂದೆ ಬಿಟ್ಟುಹೋದದ್ದು ಯಾವಾಗ, ತಾಯಿ ಎಷ್ಟು ಮನೆಯಲ್ಲಿ ಪಾತ್ರೆ ತೊಳೆಯುತ್ತಾಳೆ, ಹುಡುಗ ಶಾಲೆ ಬಿಟ್ಟದ್ದು ಫೇಲಾಗಿಯಲ್ಲ, ಫೀಸು ಕಟ್ಟಲಾಗದೆ ಎಂಬುದನ್ನೆಲ್ಲ ದುಂಡಗಿನ ಅಕ್ಷರದಲ್ಲಿ ಬರೆದಿದ್ದರು. ಮ್ಯಾಜಿಸ್ಟ್ರೇಟರು ಪ್ರಶ್ನೆ ಕೇಳಿದಾಗ ಹುಡುಗ ಉತ್ತರಿಸುವ ಮುಂಚೆ ತಿರುಗಿ ದಫೇದಾರರ ಮುಖ ನೋಡಿದ. ಅವರು "ಹೇಳು, ಇದ್ದಿದ್ದು ಹೇಳು" ಎಂದರು. ಅವನು ಎಲ್ಲವನ್ನೂ ಹೇಳಿದ. ಬೈಕ್ ಕೊಂಡವನ ಹೆಸರನ್ನೂ ಹೇಳಿದ. ತನಿಖೆಯ ದೃಷ್ಟಿಯಿಂದ ನೋಡಿದರೂ ಆ ಹವಾಯಿ ಚಪ್ಪಲಿ ಇಲಾಖೆಗೆ ನಷ್ಟ ಮಾಡಲಿಲ್ಲ.

ಗಾಂಜಾ ವಿಷಯವನ್ನು ಇಲ್ಲಿ ಚಿಕ್ಕದಾಗಿ ಸೇರಿಸುತ್ತೇನೆ, ಯಾಕೆಂದರೆ ತಾಯಂದಿರು ನನ್ನನ್ನು ಹೆಚ್ಚು ಕೇಳುವುದು ಅದನ್ನೇ. ಮಾದಕ ವಸ್ತು ಕಾಯ್ದೆಯ 64ಎ ಕಲಮಿನಂತೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಒಳಗಾದರೆ ಅವನ ಮೇಲೆ ಮೊಕದ್ದಮೆ ನಡೆಸದಿರುವ ಅವಕಾಶವಿದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಕಾಲೇಜುಗಳಲ್ಲಿ ಜಾಗೃತಿ ಭಾಷಣ ಮಾಡುವಾಗ ಹತ್ತು ವರ್ಷ, ಇಪ್ಪತ್ತು ವರ್ಷ ಶಿಕ್ಷೆಯ ಲೆಕ್ಕವನ್ನು ಅಧಿಕಾರಿಗಳು ತಪ್ಪದೆ ಹೇಳುತ್ತಾರೆ. ಈ ಕಲಮನ್ನೂ ಅಷ್ಟೇ ಗಟ್ಟಿಯಾಗಿ ಹೇಳಲಿ. ಅದನ್ನು ಕೇಳಬೇಕಾದವನು ಅದೇ ಸಭೆಯಲ್ಲಿ ಕುಳಿತಿರುತ್ತಾನೆ.

ಈಗ ನಾಲ್ಕನೆಯ ಮತ್ತು ಕೊನೆಯ ವಿಚಾರ. ಇಷ್ಟು ಹೊತ್ತು ಪೊಲೀಸರು ಹೀಗಿರಬೇಕು, ಹಾಗಿರಬೇಕು ಎಂದೆ. ಹಾಗಿರಲು ಅವರಿಗೆ ನಾವು ಏನು ಕೊಟ್ಟಿದ್ದೇವೆ? 2019ರಲ್ಲಿ ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್ ಸಂಸ್ಥೆಗಳು ಸೇರಿ ಪ್ರಕಟಿಸಿದ ವರದಿಯ ಪ್ರಕಾರ ದೇಶದ ಪೊಲೀಸ್ ಸಿಬ್ಬಂದಿ ಸರಾಸರಿ ದಿನಕ್ಕೆ 14 ಗಂಟೆ ದುಡಿಯುತ್ತಾರೆ. ಬೆಳಗಿನ ರೋಲ್ ಕಾಲ್, ಹಗಲು ಬಂದೋಬಸ್ತ್, ರಾತ್ರಿ ಬೀಟ್, ನಡುವೆ ಸಮನ್ಸ್ ಜಾರಿ. ಗಣೇಶ ವಿಸರ್ಜನೆಯ ದಿನ ಹದಿನೆಂಟು ತಾಸು ನಿಂತ ಕಾಲಿಗೆ, ಮರುದಿನ ಬೆಳಿಗ್ಗೆ ಮೊಬೈಲ್ ಕಳೆದುಕೊಂಡು ಬಂದ ಹುಡುಗನ ಕತೆ ಕೇಳುವ ತಾಳ್ಮೆ ಎಲ್ಲಿಂದ ಬರಬೇಕು?

ಇಂದು ಕಾನ್‌ಸ್ಟೆಬಲ್ ಆಗಿ ಸೇರುವವರಲ್ಲಿ ಪದವೀಧರರು ಬಹಳ ಜನ. ಸ್ನಾತಕೋತ್ತರ ಪದವಿ ಪಡೆದವರೂ ಇದ್ದಾರೆ. ವಯಸ್ಸು ಇಪ್ಪತ್ತೈದರ ಆಸುಪಾಸು. ಎಂದರೆ ಪೊಲೀಸರು ಒಂದು ಕಡೆ, ಯುವಜನ ಇನ್ನೊಂದು ಕಡೆ ಎಂದು ನಾನು ಗೆರೆ ಎಳೆದದ್ದೇ ಪೂರ್ತಿ ಸರಿಯಲ್ಲ. ಠಾಣೆಯ ಸೆಂಟ್ರಿ ಡ್ಯೂಟಿಯಲ್ಲಿ ನಿಂತ ಹುಡುಗನೂ ಯುವಜನವೇ. ಅವನ ಕಿಸೆಯಲ್ಲೂ ಅದೇ ಫೋನು, ಅದೇ ಹಾಡು. ಆದರೆ ಮೇಲಿನವರು ಅವನನ್ನು ಎಲ್ಲರೆದುರು ಏಕವಚನದಲ್ಲಿ ಬೈದರೆ, ಹತ್ತು ನಿಮಿಷದ ನಂತರ ಅದೇ ಏಕವಚನ ಬಾಗಿಲಿಗೆ ಬಂದವನ ಮೇಲೆ ಇಳಿಯುತ್ತದೆ. 2025ರ ಅಕ್ಟೋಬರ್‌ನಲ್ಲಿ ನಮ್ಮ ಕಾನ್‌ಸ್ಟೆಬಲ್‌ಗಳ ಹಳೆಯ ಸ್ಲೋಚ್ ಹ್ಯಾಟ್ ಹೋಗಿ ನೀಲಿ ಪೀಕ್ ಕ್ಯಾಪ್ ಬಂತು. ಕೆಲವರು ಇದೇನು ಮಹಾ ಎಂದರು. ನನಗೆ ಹಾಗನಿಸಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ಟೋಪಿ ಹಾಕಿಕೊಂಡು ಫೋಟೊ ಕಳಿಸಿದ್ದ. ಕೆಳಗೆ "ಹೇಗಿದೆ ಮಿಸ್?" ಎಂದಿತ್ತು. ತಲೆ ಎತ್ತಿ ನಿಂತ ಆ ಫೋಟೊವನ್ನು ನಾನು ಉಳಿಸಿಕೊಂಡಿದ್ದೇನೆ.

ಅದೇ ವರ್ಷ ಆರಂಭವಾದ 'ಮನೆ ಮನೆಗೆ ಪೊಲೀಸ್' ವ್ಯವಸ್ಥೆಯಲ್ಲಿ ಬೀಟ್ ಸಿಬ್ಬಂದಿ ಮನೆ ಬಾಗಿಲಿಗೇ ಹೋಗುತ್ತಾರೆ. ಅದು ಫಲ ಕೊಡಬೇಕಾದರೆ ಒಬ್ಬರೇ ಕಾನ್‌ಸ್ಟೆಬಲ್ ಒಂದೇ ಬೀಟಿನಲ್ಲಿ ಕೆಲವು ವರ್ಷ ನಿಲ್ಲಬೇಕು. ಗ್ಯಾರೇಜಿನ ಹುಡುಗನ ಹೆಸರು ಗೊತ್ತಾಗಲು ಒಂದು ವರ್ಷ ಬೇಕು, ಅವನ ತಂಗಿ ಯಾವ ಶಾಲೆಗೆ ಹೋಗುತ್ತಾಳೆಂದು ಗೊತ್ತಾಗಲು ಇನ್ನೊಂದು. ಅಷ್ಟರಲ್ಲಿ ವರ್ಗವಾದರೆ ಬೀಟ್ ಪುಸ್ತಕವಷ್ಟೇ ಉಳಿಯುತ್ತದೆ, ಪರಿಚಯ ಉಳಿಯುವುದಿಲ್ಲ.

ಆ ಬೈಕ್ ಪ್ರಕರಣದ ಹುಡುಗನ ಮುಂದಿನ ವಿಷಯ ಹೇಳಿ ನನ್ನ ಮಾತು ಮುಗಿಸುತ್ತೇನೆ. ಮಂಡಳಿ ಅವನಿಗೆ ಬುದ್ಧಿ ಹೇಳಿ ತಾಯಿಯ ವಶಕ್ಕೆ ಕೊಟ್ಟಿತ್ತು. ನನ್ನ ಅವಧಿ ಮುಗಿದು ಎಷ್ಟೋ ಕಾಲದ ಮೇಲೆ, ಸಂತೆಯಲ್ಲಿ ಸೊಪ್ಪು ಕೊಳ್ಳುತ್ತಿದ್ದಾಗ ದಫೇದಾರರು ಸಿಕ್ಕರು. ನಿವೃತ್ತಿಗೆ ಎರಡು ತಿಂಗಳಿತ್ತು ಅವರಿಗೆ. ಹುಡುಗ ಐಟಿಐ ಮುಗಿಸಿ, ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ, ಪೊಲೀಸ್ ವೆರಿಫಿಕೇಷನ್ನಿಗೆ ಅರ್ಜಿ ಹಾಕಿದ್ದನಂತೆ. ಅರ್ಜಿ ಅವರದೇ ಠಾಣೆಗೆ ಬಂತು. ಹುಡುಗ ಠಾಣೆಯ ಹೊರಗೆ ಹೊಂಗೆಮರದ ಕೆಳಗೆ ಒಂದು ಗಂಟೆ ನಿಂತಿದ್ದನಂತೆ, ಒಳಗೆ ಬರಲು ಹೆದರಿ. ಇವರೇ ಹೋಗಿ ಕರೆತಂದು ಕೂರಿಸಿದರು.

ಘೋರ ಅಪರಾಧದ ಕೆಲವು ಪ್ರಕರಣಗಳನ್ನು ಬಿಟ್ಟರೆ, ಬಾಲ ನ್ಯಾಯ ಕಾಯ್ದೆಯಡಿ ಮಂಡಳಿಯ ಮುಂದೆ ಬಂದ ಮಗುವಿಗೆ ಅದರಿಂದ ಮುಂದೆ ಯಾವ ಅನರ್ಹತೆಯೂ ತಟ್ಟಬಾರದು, ಕಾಗದಪತ್ರಗಳನ್ನು ಅವಧಿ ಮುಗಿದ ಮೇಲೆ ನಾಶ ಮಾಡಬೇಕು ಎಂದು ಕಾಯ್ದೆಯ 24ನೇ ಕಲಮು ಹೇಳುತ್ತದೆ. ಅದು ನನಗೆ ತಿಳಿದಿತ್ತು. ಆದರೂ ಕೇಳಿದೆ: "ವರದಿಯಲ್ಲಿ ಏನು ಬರೆದಿರಿ?"

ಸೊಪ್ಪಿನ ಕಟ್ಟನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ ಅವರೆಂದರು: "ಬರೆಯೋಕೆ ಏನೂ ಇರ್ಲಿಲ್ಲ ಮೇಡಂ."